ಕೊನೆಯ ಪರೀಕ್ಷೆಯ ಮಾರನೆಯ ದಿನ

ಕೊಪ್ಪ. ಕಾಲೇಜು ಶುರುವಾಗುವ ಹೊತ್ತಿಗೇ ಮಳೆ ಹಿಡಿಯುತ್ತದೆ. ಪಾದ ಮುಳುಗುವ ನೀರಿನಲ್ಲೇ ಹುಡುಗರು ಫುಟ್‌ಬಾಲ್ ಒದೆಯುತ್ತಾರೆ. ನೆಲ ಗಟ್ಟಿಯಾಯಿತು ಎನ್ನುವಾಗ ಅಡಿಕೆ ಕೊಯ್ಲು, ಅದರ ಬೆನ್ನಿಗೆ ಕಾಫಿ ಹಣ್ಣು, ಮನೆಯಲ್ಲಿ ಆಳಿಲ್ಲ. ನಡುವೆ ಸೆಮಿಸ್ಟರ್ ಪರೀಕ್ಷೆ. ಇವರು ಅಭ್ಯಾಸ ಮಾಡುವುದು ಯಾವಾಗ? ಆದರೂ ಮಾಡುತ್ತಾರೆ, ಕುವೆಂಪು ವಿಶ್ವವಿದ್ಯಾಲಯದ ಅಂತರ್ ಕಾಲೇಜು ಪಂದ್ಯಗಳಲ್ಲಿ ಆಡಬೇಕು ಎಂಬ ಆಸೆಯಿಂದ. ಡಿಗ್ರಿ ಮುಗಿದ ಮೇಲೆ ಮಾತ್ರ ಅವರಲ್ಲಿ ಒಬ್ಬನೂ ಮೈದಾನದಲ್ಲಿ ಕಾಣುವುದಿಲ್ಲ. ಯಾಕೆ?

ಶೃಂಗೇರಿ ಬಸ್ ನಿಲ್ದಾಣ. ಮಗನ ಕಿಟ್ ಚೀಲ ಹಿಡಿದು ನಿಂತ ತಾಯಿಯೊಬ್ಬರು: "ಆಟ ಆಟ ಅಂತಿದ್ರೆ ಓದೋದು ಯಾವಾಗ ಮಾರಾಯ್ರೆ?" ಅವರ ಆತಂಕ ಸುಳ್ಳಲ್ಲ. ಆದರೆ ನನಗೆ ತಕ್ಷಣ ನೆನಪಾದವರು ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ. ಕಲ್ಕತ್ತಾದಲ್ಲಿ ಮೆಡಿಕಲ್ ಓದುತ್ತಲೇ ಮೋಹನ್ ಬಗಾನ್‌ಗೆ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ನಾಯಕರಾದರು. ಫ್ರಾನ್ಸ್ ಎದುರು 1-2ರಿಂದ ಸೋತ ಪಂದ್ಯ ಅದು. ವಾಪಸ್ ಬಂದು ಎಂ.ಬಿ.ಬಿ.ಎಸ್. ಮುಗಿಸಿದರು, ಕೊಹಿಮಾದಲ್ಲಿ ವೈದ್ಯರಾದರು, ನಾಗಾಲ್ಯಾಂಡ್ ಆರೋಗ್ಯ ಇಲಾಖೆಯ ನಿರ್ದೇಶಕರೂ ಆದರು.

ನಮ್ಮವರೇ ಆದ ಎಂ.ಪಿ. ಗಣೇಶ್ ಮೊದಲು ಆಡಿದ್ದು ಕೊಡಗು ಜಿಲ್ಲೆಯ ಫುಟ್‌ಬಾಲ್. ಸೇನೆ ಸೇರಿ ಹಾಕಿಗೆ ಹೊರಳಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು, 1973ರ ವಿಶ್ವಕಪ್‌ನಲ್ಲಿ ನಾಯಕರಾಗಿ ಬೆಳ್ಳಿ. ಮುಂದೆ ದೈಹಿಕ ಶಿಕ್ಷಣದಲ್ಲಿ ಪಿಎಚ್.ಡಿ., 2020ರಲ್ಲಿ ಪದ್ಮಶ್ರೀ.

ಇನ್ನು ಇ.ಎ.ಎಸ್. ಪ್ರಸನ್ನ. 1962ರಲ್ಲಿ ಟೆಸ್ಟ್ ಕ್ರಿಕೆಟ್‌ಗೆ ಬಂದವರು ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಮೈಸೂರಿಗೆ, ಇಂಜಿನಿಯರಿಂಗ್ ಓದಿಗೆ ಮರಳಿದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ! ಆ ವರ್ಷಗಳನ್ನು ನಷ್ಟ ಅನ್ನಬೇಕೋ ಲಾಭ ಅನ್ನಬೇಕೋ? ಒಟ್ಟು 49 ಟೆಸ್ಟ್, 189 ವಿಕೆಟ್. ನಷ್ಟ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಎನ್.ಆರ್. ಪುರ. ರಾತ್ರಿ ಈ ಮೂವರ ಬದುಕನ್ನು ಪಕ್ಕಪಕ್ಕ ಬರೆದುಕೊಂಡಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆವೊ ಅವರಿಗೆ ಕ್ಲಬ್ ಇತ್ತು, ಗಣೇಶ್ ಅವರಿಗೆ ಸೇನೆ, ಪ್ರಸನ್ನ ಅವರಿಗೆ ಮೈಸೂರು ರಾಜ್ಯದ ರಣಜಿ ತಂಡ. ಕಾಲೇಜಿನ ಆಚೆಗೂ ಕರೆಯುವವರಿದ್ದರು. ನಮ್ಮ ಹುಡುಗರಿಗೆ ಕೊನೆಯ ಪರೀಕ್ಷೆಯ ಮಾರನೆಯ ದಿನ ತಂಡವೇ ಇಲ್ಲ. ಆಟ ನಿಲ್ಲಿಸುವುದು ಓದು ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಈ ತಾಲೂಕುಗಳಲ್ಲಿ ನಾನು ಕಂಡದ್ದು ಹಾಗಿಲ್ಲ.

ರಾಜ್ಯದಲ್ಲಿ ದೊಡ್ಡ ಮಟ್ಟದ ಆಟ ಇಲ್ಲವೆಂದಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಅದೇ ಮೊದಲು. ಆ ಮಟ್ಟದ ಆಟಕ್ಕೆ ದಾರಿ ಬೆಂಗಳೂರಿನ ಕ್ಲಬ್ಬುಗಳ ಮೂಲಕ. ಇಲ್ಲಿಂದ ಅಲ್ಲಿಗೆ ಹೋದ ಹುಡುಗ ಮೊದಲು ಹುಡುಕುವುದು ಬಾಡಿಗೆ ರೂಮು, ಆಮೇಲೆ ಕೆಲಸ. ಕ್ಲಬ್ ಹುಡುಕುವಷ್ಟರಲ್ಲಿ ವಯಸ್ಸು ದಾಟಿರುತ್ತದೆ.

ಮೂರೂ ತಾಲೂಕಿನ ಕಾಲೇಜುಗಳ ಹಳೆ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಕೊಯ್ಲು ಮುಗಿದು ನೆಲ ಒಣಗಿರುವ ಫೆಬ್ರವರಿ, ಮಾರ್ಚ್‌ನಲ್ಲಿ ಡಿಗ್ರಿ ಮುಗಿಸಿದವರಿಗಾಗಿ ಒಂದೊಂದು ತಂಡ ಕಟ್ಟಿ, ಪಂದ್ಯ ಇಡಿ. ಬೆಂಗಳೂರಿನಲ್ಲಿರುವವರು ಊರಿನಿಂದ ಬರುವ ಒಬ್ಬ ಆಟಗಾರನಿಗೆ ಕ್ಲಬ್ಬಿನ ವಿಳಾಸ ಹೇಳಿ, ಮೊದಲ ದಿನ ಜೊತೆಗೆ ಹೋಗಿ ಬನ್ನಿ.