ರಾಗಿ ಹಿಟ್ಟು, ಬಾಟಲಿ ಮತ್ತು 1.004 (ಕಂತು 6)

ಹೋದ ಕಂತಿನ ಫೋಟೋದಲ್ಲಿ ಹಿರಿಯೂರು ಹೆಲ್ಮೆಟ್ ಹಾಕ್ಕೊಂಡು ಬಿಯರ್ ಬಾಟಲಿ ತೆಗೀತಿದ್ದದ್ದು ಯಾಕೆ ಅಂತ ಅರ್ಧ ಕ್ಲಾಸೇ ಕೇಳಿದೆ. ಇಗೋ ಉತ್ತರ. ಅದಕ್ಕೂ ಮುಂಚೆ ಒಂದು ಮಾತು: ಇಲ್ಲಿ ಇಂಗ್ಲೆಂಡಿನಲ್ಲಿ ಮನೆ ಬಳಕೆಗೆ ಬಿಯರ್ ಮಾಡೋಕೆ 1963ರಿಂದ ಲೈಸೆನ್ಸ್ ಬೇಡ. ನಮ್ಮ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡೋದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ದುರ್ಗದ ರೂಮಲ್ಲಿ ಟ್ರೈ ಮಾಡಿ ನನ್ನ ಹೆಸರು ಹೇಳಬೇಡಿ.

ಹೊಸಬರಿಗೆ: ಹಿರಿಯೂರು ಅಂದ್ರೆ ನನ್ನ ರೂಮ್‌ಮೇಟ್. ಹಾಸ್ಟೆಲ್‌ನಿಂದ್ಲೂ ಅವನು ಹಿರಿಯೂರು, ನಾನು ಹೊಳಲ್ಕೆರೆ. ಹೊಸದುರ್ಗ ಮಾತ್ರ ಊರಲ್ಲೇ ತೆಂಗಿನ ತೋಟ ನೋಡ್ಕೊಂಡು ನಮಗಿಂತ ಆರಾಮಾಗಿದ್ದಾನೆ.

ಬಿಯರ್ ಎಷ್ಟು ಹುದುಗಿದೆ ಅಂತ ನೋಡೋಕೆ ಹೈಡ್ರೋಮೀಟರ್ ಇಳಿಸ್ತಾರೆ. ಡೇರಿಯಲ್ಲಿ ಹಾಲಿಗೆ ಬಿಡೋ ಲ್ಯಾಕ್ಟೋಮೀಟರಿನ ತಮ್ಮ ಅಂದ್ಕೊಳ್ಳಿ. ಬರೀ ನೀರು 1.000. ಸಕ್ಕರೆ ಇದ್ದಷ್ಟೂ ಅಂಕಿ ಮೇಲೆ. ಅವನ 20 ಲೀಟರ್ ಶುರುವಾದದ್ದು 1.050ಕ್ಕೆ. ಯೀಸ್ಟ್ ತಿಂದು ಮುಗಿಸಿದ ಮೇಲೆ 1.012ರ ಹತ್ತಿರ ನಿಲ್ಲಬೇಕು, ಯಾಕಂದ್ರೆ ಯೀಸ್ಟಿಗೆ ಅರಗದ ಡೆಕ್ಸ್ಟ್ರಿನ್ ಉಳಿದಿರುತ್ತೆ. 1.010ಕ್ಕೆ ಬಂತು. ಗ್ಯಾಸಿಗೆ ಅಂತ ಒಂಚೂರು ಬೆಲ್ಲ ಹಾಕಿ, 38 ಬಾಟಲಿ ತುಂಬಿ ಮೆಟ್ಟಿಲ ಕೆಳಗಿಟ್ಟ.

ಎರಡು ವಾರಕ್ಕೆ, ಪರೀಕ್ಷೆಗೆ ಅಂತ ತುಂಬಿದ್ದ ಪ್ಲಾಸ್ಟಿಕ್ ಬಾಟಲಿ ಕಲ್ಲಿನ ಥರ ಗಟ್ಟಿ. ತೆಗೆದು, ಕಾಫಿ ಆರಿಸೋ ಹಾಗೆ ಲೋಟದಿಂದ ಲೋಟಕ್ಕೆ ಹೊಯ್ದು ಗ್ಯಾಸ್ ಬಿಡಿಸಿ ಅಳೆದ್ವಿ. 1.004!

ಮೊದಲು ಮೀಟರ್ ಮೇಲೆ ಡೌಟು. 20 ಡಿಗ್ರಿ ನೀರಲ್ಲಿ ಸರಿಯಾಗಿ 1.000 ತೋರಿಸ್ತು. ಬಿಯರ್ ಬಿಸಿ ಇದ್ರೆ ಅಂಕಿ ಕಮ್ಮಿ ಬರುತ್ತೆ, ನಮ್ಮದು ಬಿಸಿ ಇರಲಿಲ್ಲ. ಗುಳ್ಳೆ ಅಂಟಿದ್ರೆ ಜಾಸ್ತಿ ಬರುತ್ತೇ ಹೊರತು ಕಮ್ಮಿ ಅಲ್ಲ. ಮಾಲ್ಟನ್ನ 62–65 ಡಿಗ್ರಿಯಲ್ಲಿ ನೆನೆಸಿದ್ರೆ ಯೀಸ್ಟ್ ತಿನ್ನೋ ಸಕ್ಕರೆ ಜಾಸ್ತಿಯಾಗಿ ಕೆಳಗಿಳಿಯುತ್ತೆ, ಆದ್ರೆ ಇವನು ಇಟ್ಟದ್ದು 67. ಥರ್ಮಾಮೀಟರನ್ನೂ ಐಸ್ ನೀರಲ್ಲಿ ನೋಡಿದ್ವಿ, ಸರಿ ಇತ್ತು. ಹುಳಿ ಇಲ್ಲ, ಮೇಲೆ ಕೆನೆ ಕಟ್ಟಿಲ್ಲ. ಕಾಡು ಯೀಸ್ಟ್ ಹೊಕ್ಕ ಲಕ್ಷಣ ಕಾಣಲಿಲ್ಲ.

ಆಮೇಲೆ ಅವನೇ ಮೆಲ್ಲಗೆ ಬಾಯಿ ಬಿಟ್ಟ. ಪರಿಮಳಕ್ಕೆ ಅಂತ, ಕುದಿಸಿ ತಣಿಸಿದ ಮೇಲೆ, ಅವರಮ್ಮ ಕಳಿಸಿದ್ದ ಮೊಳಕೆ ರಾಗಿ ಹಿಟ್ಟು ಎರಡು ಹಿಡಿ ಹಾಕಿದ್ದನಂತೆ!

ಮೊಳಕೆ ಬಂದ ಕಾಳಲ್ಲಿ ಅಮೈಲೇಸ್ ಅನ್ನೋ ಎಂಜೈಮ್ ಇರುತ್ತೆ, ಪಿಷ್ಟ ಮುರಿದು ಸಕ್ಕರೆ ಮಾಡೋದೇ ಅದರ ಕೆಲಸ. ಬರೀ ರಾಗಿ ಗಂಜಿ ಗಟ್ಟಿಯಾಗುತ್ತೆ, ಮೊಳಕೆ ರಾಗಿದು ನೀರುನೀರಾಗಿರುತ್ತೆ, ನಿಮ್ಮ ಮನೇಲೂ ನೋಡಿರ್ತೀರ. ಕೂಸುಗಳಿಗೆ ಮಾಲ್ಟ್ ಕೊಡೋದು ಇದಕ್ಕೇ. ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ರಾಗಿ ಮಾಲ್ಟಿನ ಮೇಲೆ ಕೆಲಸ ಮಾಡಿದೆ. ಕುದಿಸಿದ್ರೆ ಎಂಜೈಮ್ ಸಾಯುತ್ತೆ. ಇವನು ಹಾಕಿದ್ದು ಕುದಿಸಿದ ಮೇಲೆ. ಅವರಮ್ಮ ಹಿಟ್ಟಿನ ರಾಗಿ ಹುರಿಯೋದೂ ಇಲ್ಲ, ಬಿಸಿಲಲ್ಲಿ ಒಣಗಿಸಿ ಬೀಸ್ತಾರೆ. ನಂಬಿಕೆ ಬರ್ಲಿ ಅಂತ ಗಟ್ಟಿ ಗಂಜಿ ಕಾಯಿಸಿ, 60 ಡಿಗ್ರಿಗೆ ಆರಿಸಿ, ಒಂದು ಚಮಚ ಆ ಹಿಟ್ಟು ಕಲಸಿದೆ. ಹತ್ತು ನಿಮಿಷದಲ್ಲಿ ಗಂಜಿ ಸಾರಿನ ಹದಕ್ಕೆ ಬಂತು. ಬಾಟಲಿ ಒಳಗೂ ಇದೇ ಆಗಿದ್ದು, ನಿಧಾನವಾಗಿ ಅಷ್ಟೇ.

ಲೆಕ್ಕ ಹಾಕಿ. ಹೈಡ್ರೋಮೀಟರ್ ಒಂದು ಪಾಯಿಂಟ್ ಇಳಿದ್ರೆ, ಬಿಯರಿನ ಅರ್ಧದಷ್ಟು ಗಾತ್ರದ ಗ್ಯಾಸ್ ಹುಟ್ಟುತ್ತೆ. ಆರು ಪಾಯಿಂಟಿಗೆ ಮೂರು ಪಟ್ಟು, ಬೆಲ್ಲದ್ದು ಬೇರೆ. ಮಾಮೂಲಿ ಬಿಯರಲ್ಲಿ ಒಟ್ಟು ಎರಡೂವರೆ ಪಟ್ಟು ಇದ್ರೆ ಹೆಚ್ಚು. ಗಾಜಿನ ಬಾಟಲಿ ಸಿಡಿಯೋಕೆ ಸಾಕು. ಆ ಮೆಟ್ಟಿಲ ಮೇಲೇ ಮನೆ ಒಡತಿಯ ನಾಲ್ಕು ವರ್ಷದ ಮೊಮ್ಮಗ ಕೂತು ಶೂ ಹಾಕ್ಕೊಳ್ಳೋದು.

"ಫ್ರಿಜ್ಜಲ್ಲಿಟ್ರೆ ಆಗುತ್ತೆ ಕಣೋ, ಯುಗಾದಿಗೆ ಎಲ್ಲರಿಗೂ ಹೇಳಿದ್ದೀನಿ" ಅಂದ. 38 ಬಾಟಲಿ ಯಾವ ಫ್ರಿಜ್ಜಲ್ಲಿ ಹಿಡಿಯುತ್ತೆ? ಜಗಳ ಆಯ್ತು. ಜಾಕೆಟ್ಟು, ಗ್ಲೌಸು, ಹೆಲ್ಮೆಟ್ ಹಾಕ್ಕೊಂಡು, ಒಂದೊಂದಕ್ಕೂ ದಪ್ಪ ಟವೆಲ್ ಸುತ್ತಿ ಹಿತ್ತಲಿಗೆ ಸಾಗಿಸಿ ಕಂಬಳಿ ಮುಚ್ಚಿದ್ವಿ. ಹತ್ತು ನಿಮಿಷಕ್ಕೆ ಕಂಬಳಿ ಒಳಗೆ ಒಂದು ಢಂ ಅಂತು. ಆಮೇಲೆ ಅವನು ಮಾತೇ ಆಡಲಿಲ್ಲ. ರಾತ್ರಿಯ ಚಳಿಗೆ ಗ್ಯಾಸ್ ಬಿಯರಲ್ಲಿ ಕರಗಿ ಒತ್ತಡ ಇಳಿಯುತ್ತೆ, ಅದಕ್ಕೇ ಬೆಳಿಗ್ಗೆ ಎದ್ದು ಉಳಿದ 37ನ್ನೂ ತೆಗೆದು ಚೆಲ್ಲಿದ್ವಿ. ಆ ಫೋಟೋನೇ ನೀವು ನೋಡಿದ್ದು.

ಭಾನುವಾರ ಅವರಮ್ಮ ಫೋನ್ ಮಾಡಿ "ಹಿಟ್ಟು ಮುಗೀತಾ, ಇನ್ನೊಂದು ಕೆಜಿ ಕಳಿಸ್ಲಾ? ಇಬ್ರೂ ಗಂಜಿ ಕುಡೀತಿದ್ದೀರಲ್ಲ?" ಅಂದ್ರು. "ಹೂಂ ಅಮ್ಮ, ದಿನಾ" ಅಂದ ಹಿರಿಯೂರು.

ಈ ಸಲ ರಾಗಿ ಹಿಟ್ಟು ಮಾಲ್ಟಿನ ಜೊತೆಗೇ ಬಿಸಿನೀರಿಗೆ ಬಿತ್ತು, ಆಮೇಲೆ ಪೂರ್ತಿ ಒಂದು ಗಂಟೆ ಕುದೀತು. ಮೂರು ದಿನದಿಂದ 1.012ಕ್ಕೇ ನಿಂತಿದೆ. ಇನ್ನೊಂದು ವಾರ ಬಾಟಲಿ ಮುಟ್ಟಬೇಡ ಅಂದಿದ್ದೀನಿ.

#ಹೊಳಲ್ಕೆರೆ #ಹಿರಿಯೂರು #ದುರ್ಗದಹುಡುಗರು