ಪೊಟ್ಟಳಕೆರೆಯ ನೆಲೆವೀಡು



ಹೈದರಾಬಾದಿನಲ್ಲಿ ಹಳೆಯ ಅರಮನೆ ಎಂದೊಡನೆ ನಿಮಗೆ ಫಲಕ್‌ನುಮಾ ನೆನಪಾಗಬಹುದು. 1884ರಲ್ಲಿ ಅದರ ಕಟ್ಟಡ ಆರಂಭಿಸಿದವರು ವಿಕಾರ್-ಉಲ್-ಉಮ್ರಾ. ಮುಂದೆ ಅದು ಆರನೆಯ ನಿಜಾಮರ ಕೈಸೇರಿತು. 2010ರಿಂದ ಅಲ್ಲಿ ಹೋಟೆಲು ನಡೆಯುತ್ತಿದೆ. ಆದರೆ ಇದಕ್ಕಿಂತ ಎಂಟುನೂರು ವರ್ಷಕ್ಕೂ ಹಳೆಯ ಮನೆಯೊಂದು ಮುಂಬಯಿ ಹೆದ್ದಾರಿಯ ಪಟಾನ್‌ಚೆರುವಿನಲ್ಲಿ ಇತ್ತು. ಅದರ ವಿಳಾಸ ಕನ್ನಡದಲ್ಲಿದೆ.

ಪಟಾನ್‌ಚೆರುವನ್ನು ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಬರುವ ಪೊಟ್ಟಳಕೆರೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. 1015ರಿಂದ ಸುಮಾರು 1043ರವರೆಗೆ ಆಳಿದ ಎರಡನೆಯ ಜಯಸಿಂಹನ ನೆಲೆವೀಡು ಇಲ್ಲಿತ್ತು. ನೆಲೆವೀಡು ಎಂದರೆ ರಾಜನು ನೆಲೆನಿಂತ ಬೀಡು. ಅವನ ರಾಣಿ ಸುಗ್ಗಲದೇವಿಗೆ ದೇವರ ದಾಸಿಮಯ್ಯ ಗುರುವಾಗಿದ್ದನೆಂದೂ, ಇಲ್ಲಿ ಜೈನರೊಡನೆ ದೊಡ್ಡ ವಾದ ನಡೆಯಿತೆಂದೂ ವೀರಶೈವ ಪುರಾಣಗಳು ಹೇಳುತ್ತವೆ. ಪುರಾಣದ ಮಾತು ಹಾಗಿರಲಿ. ಇಲ್ಲಿ ದೊರೆತ ಜೈನ ಶಿಲ್ಪಗಳನ್ನು ನೀವು ಇಂದಿಗೂ ನಗರದ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಜಯಸಿಂಹನ ಮಗ ಒಂದನೆಯ ಸೋಮೇಶ್ವರನ ಕಾಲಕ್ಕೆ ಕಲ್ಯಾಣವೇ ರಾಜಧಾನಿಯಾಯಿತು. ಆಮೇಲೆ ಯಜಮಾನರು ಬದಲಾಗುತ್ತಲೇ ಹೋದರು: ಕಾಕತೀಯರು, ಬಹಮನಿಗಳು, ಗೋಲ್ಕೊಂಡದ ಕುತುಬ್‌ಶಾಹಿಗಳು, ಮೊಘಲರು, ನಿಜಾಮರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಈ ನೆಲ ಆಂಧ್ರಪ್ರದೇಶಕ್ಕೆ ಸೇರಿತು, 2014ರಲ್ಲಿ ತೆಲಂಗಾಣಕ್ಕೆ. ಎಲ್ಲರೂ ಒಂದಷ್ಟು ದಿನ ಇದ್ದು ಹೋದವರೇ.

ಹಾಗಾದರೆ ಉಳಿದದ್ದೇನು? ಹೆಸರಿನ ಬಾಲವನ್ನು ನೋಡಿ. ಅಂದು ಕೆರೆ, ಇಂದು ಚೆರು. ಕನ್ನಡದ ಕೆರೆ, ತೆಲುಗಿನ ಚೆರುವು ಒಂದೇ ಬೇರಿನವು. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೈ ಅವರಿಗೆ ಚೆಯ್ಯಿ. ನಮ್ಮ ‘ಕ’ ಅವರಲ್ಲಿ ‘ಚ’ ಆಗುವ ಈ ಜಾಡು ನಿಮ್ಮ ನಾಲಿಗೆಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನೀವು ‘ನಮ್ಮದು ಬೆರಕೆ ಭಾಷೆ’ ಎಂದು ಎಷ್ಟೋ ಸಲ ನಾಚಿಕೊಳ್ಳುತ್ತೀರಿ. ನಾಚಿಕೆ ಏಕೆ? ಈ ಊರಿನ ಹೆಸರೇ ನಿಮ್ಮ ಹಾಗೆ ಎರಡು ಭಾಷೆಗಳ ನಡುವೆ ಬಾಳಿದೆ.

ಇಂದು ಪಟಾನ್‌ಚೆರು ಎಂದರೆ ಕಾರ್ಖಾನೆಗಳ ಊರು. ಜೊತೆಗೆ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯೂ ಇಲ್ಲಿದೆ. ಅದರ ಬೀಜಭಂಡಾರದಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಮುಂತಾದವುಗಳ 1,20,000ಕ್ಕೂ ಹೆಚ್ಚು ಮಾದರಿಗಳು ತಣ್ಣಗೆ ಮಲಗಿವೆ. ಅಜ್ಜಿ ತಟ್ಟುವ ರೊಟ್ಟಿಯ ಜೋಳಕ್ಕೂ ಈ ಊರು ಮನೆಯಾಗಿದೆ.

‘ಇದು ಒಂದು ಕಾಲಕ್ಕೆ ನಮ್ಮದಾಗಿತ್ತು’ ಎಂದು ಎದೆ ತಟ್ಟಿಕೊಳ್ಳಲಿ ಎಂದು ಈ ಕತೆ ಹೇಳಲಿಲ್ಲ. ಹಾಗೆ ಹೇಳಬಲ್ಲವರ ಸಾಲು ಉದ್ದವಿದೆ. ಆದರೆ ಆ ಮನೆಯ ವಿಳಾಸವನ್ನು ಕಲ್ಲಿನ ಮೇಲೆ ಓದಲು ಕನ್ನಡ ಬೇಕು. ನಿಮ್ಮಲ್ಲಿ ಹಲವರಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಈ ರಜೆಯಲ್ಲಿ ಅಕ್ಷರ ಕಲಿಯಿರಿ. ಆಮೇಲೆ ಅಪ್ಪ ಅಮ್ಮನೊಂದಿಗೆ ಅದೇ ಹೆದ್ದಾರಿಯಲ್ಲಿ ಬಸವಕಲ್ಯಾಣದ ಕಡೆ ಹೊರಡಿ. ದಾರಿಯಲ್ಲಿ ಪಟಾನ್‌ಚೆರು ಬಂದಾಗ ಅದರ ಹಳೆಯ ಹೆಸರನ್ನು ಅವರಿಗೆ ನೀವೇ ಹೇಳಿ.