ಇಲಿಯ ಎದೆ

ಇಲಿಗಳಿಗೂ ನನಗೂ ಬಹುಕಾಲದ ಹಗೆತನ. ಮೂವತ್ತು ವರ್ಷಗಳಿಗೂ ಮಿಗಿಲಾದ ಮೇಷ್ಟರ ಕೆಲಸದಲ್ಲಿ ನಾನು ಕೂಡಿಟ್ಟ ಆಸ್ತಿಯೆಂದರೆ ಎರಡು ಬೀರುಗಳ ತುಂಬ ಪುಸ್ತಕ. ಅವುಗಳಲ್ಲಿ ಅರ್ಧಕ್ಕೆ ಅಂಚಿಲ್ಲ. ಕೆಲವಕ್ಕೆ ಕೊನೆಯ ಅಧ್ಯಾಯವೇ ಇಲ್ಲ. ಗಣೇಶನ ಹಬ್ಬದ ದಿನ ಮೂಷಿಕನಿಗೂ ಕೈಮುಗಿದು, ಮರುದಿನ ಬೋನಿಗೆ ಕೊಬ್ಬರಿಯ ಚೂರು ಸಿಕ್ಕಿಸುವುದು ನಮ್ಮ ಮನೆಯ ಪದ್ಧತಿ. ಇಂಥ ನಾನು ಇಲಿಯನ್ನು ಕುರಿತು ಕೃತಜ್ಞತೆಯಿಂದ ಬರೆಯಲು ಕುಳಿತುದನ್ನು ಕಂಡು ನನ್ನ ಮನೆಯಾಕೆ ನಗುತ್ತಿದ್ದಾಳೆ. ಕಾರಣ ಹೇಳಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು.

1987ನೆಯ ಇಸವಿ. ಬಯಲುಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಆಗ ಕನ್ನಡ ಅಧ್ಯಾಪಕ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ವ್ಯಾಕರಣದಲ್ಲಿ ಅಷ್ಟಕ್ಕಷ್ಟೆ, ಓಟದಲ್ಲಿ ಮಾತ್ರ ಅವನಿಗೆ ಸರಿಸಾಟಿಯಾದವರು ಸುತ್ತಿನಲ್ಲಿ ಯಾರೂ ಇರಲಿಲ್ಲ. ಕ್ರೀಡಾಕೂಟಕ್ಕೆ ಒಂದು ವಾರ ಮುಂಚೆ ನನ್ನ ಬಳಿ ಬಂದು, "ಸಾರ್, ಓಡುವಾಗ ಎದೆ ಡವಗುಟ್ಟುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ" ಎಂದ. ನಾನು ನಕ್ಕು, "ಓಡುವವನ ಎದೆ ಡವಗುಟ್ಟದೆ ಮಲಗಿದವನ ಎದೆ ಡವಗುಟ್ಟುತ್ತದೆಯೇನಯ್ಯ?" ಎಂದುಬಿಟ್ಟೆ. ಮಾತಿನಲ್ಲಿ ಚಮತ್ಕಾರ ತೋರಿಸುವ ಚಟ ನಮ್ಮಂಥ ಮೇಷ್ಟರುಗಳಿಗೆ ಸ್ವಲ್ಪ ಹೆಚ್ಚು.

ನಾನೂರು ಮೀಟರ್ ಓಟದಲ್ಲಿ ಅವನು ಎಲ್ಲರಿಗಿಂತ ಮುಂದಿದ್ದ. ನಾನು ಹಗ್ಗದ ಬಳಿ ನಿಂತು ಅವನ ಹೆಸರು ಹಿಡಿದು ಕೂಗುತ್ತಿದ್ದೆ. ಗುರಿಗೆ ಹತ್ತು ಗಜ ಉಳಿದಿರುವಾಗ ಅವನು ಬಿದ್ದ. ಎಡವಿದನೆಂದೇ ಎಲ್ಲರೂ ತಿಳಿದೆವು. ನೀರು ಚಿಮುಕಿಸಿದೆವು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದೆವು. ಅವನು ಏಳಲಿಲ್ಲ. ಅವನ ತಂದೆ ಮೂವತ್ತನಾಲ್ಕರ ಪ್ರಾಯದಲ್ಲಿ ನೇಗಿಲ ಹಿಂದೆ ಹಾಗೆಯೇ ಬಿದ್ದಿದ್ದನೆಂದೂ, ದೊಡ್ಡಪ್ಪ ಬಾವಿಯ ಕಟ್ಟೆಯ ಮೇಲೆ ಕುಸಿದು ಸತ್ತಿದ್ದನೆಂದೂ ಅನಂತರ ತಿಳಿಯಿತು. ಮನೆತನಕ್ಕೆ ಶಾಪವಿದೆ ಎಂದರು ಊರಿನವರು. ಮೂಢನಂಬಿಕೆಯ ವಿರುದ್ಧ ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡುತ್ತಿದ್ದ ನನ್ನ ಬಳಿಯೂ ಆ ದಿನ ಬೇರೊಂದು ಪದವಿರಲಿಲ್ಲ.

ಆ ಪದಕ್ಕಾಗಿ ಭೂಮಿಯ ಇನ್ನೊಂದು ಕಡೆಯಲ್ಲಿ ಅದೇ ವೇಳೆಗೆ ಹುಡುಕಾಟ ನಡೆದಿತ್ತು. ಕೆನಡ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಕೋಟಿಕುಕ್ ಎಂಬ ಊರಿದೆ. ಅಲ್ಲಿಯ ಒಂದು ದೊಡ್ಡ ಕುಟುಂಬದಲ್ಲಿಯೂ ಪ್ರಾಯದವರು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. ಪ್ಯಾರೆ ಎಂಬ ವೈದ್ಯರೂ ಅವರ ಸಂಗಡಿಗರೂ ಆ ಮನೆತನದ ವಂಶವೃಕ್ಷವನ್ನು ಬಿಡಿಸಿ, ರೋಗವು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆಯನ್ನು 1961ರಲ್ಲಿ ಪ್ರಕಟಿಸಿದರು. ಹೃದಯದ ಗೋಡೆ, ಅದರಲ್ಲಿಯೂ ಎಡಬಲ ಕೋಣೆಗಳ ನಡುವಣ ಗೋಡೆ, ಅಕಾರಣವಾಗಿ ದಪ್ಪವಾಗುತ್ತದೆ. ಅಚ್ಚುಕಟ್ಟಾಗಿ ಪೇರಿಸಿದ ಹುಲ್ಲಿನ ಮೆದೆಯಂತೆ ಸಾಲಾಗಿರಬೇಕಾದ ಸ್ನಾಯುವಿನ ಎಳೆಗಳು ಗಾಳಿ ಹೊಕ್ಕ ಬಣವೆಯಂತೆ ಅಡ್ಡಾದಿಡ್ಡಿಯಾಗುತ್ತವೆ. ಮಿಡಿತದ ಲಯ ಒಮ್ಮೆ ತಪ್ಪಿತೆಂದರೆ ಓಡುತ್ತಿದ್ದವನು ಬೀಳುತ್ತಾನೆ. ರೋಗವಿರುವ ತಾಯಿಗೋ ತಂದೆಗೋ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿರುವ ಹಾರ್ವರ್ಡ್ ವೈದ್ಯ ಶಾಲೆಯ ಕ್ರಿಸ್ಟೀನ್ ಸೈಡ್‌ಮನ್, ಜೊನಾಥನ್ ಸೈಡ್‌ಮನ್ ದಂಪತಿಗಳ ತಂಡ ಈ ಕುಟುಂಬದವರ ರಕ್ತದಲ್ಲಿ ದೋಷದ ನೆಲೆಯನ್ನು ಪತ್ತೆಮಾಡಿತು. ಸ್ನಾಯುವನ್ನು ಎಳೆಯುವ ಪ್ರೋಟೀನಿಗೆ ಮಯೊಸಿನ್ ಎಂದು ಹೆಸರು. ಹೃದಯದಲ್ಲಿರುವ ಅದರ ಮುಖ್ಯ ಸರಪಳಿಯಲ್ಲಿ 1935 ಕೊಂಡಿಗಳು. ಅವುಗಳಲ್ಲಿ 403ನೆಯದು ಮಾತ್ರ ಬದಲಾಗಿತ್ತು. ಆ ಕೊಂಡಿಯನ್ನು ಬರೆಯುವ ಜೀನಿನಲ್ಲಿ ತಪ್ಪಿದ್ದುದು ಒಂದೇ ಒಂದು ಅಕ್ಷರ.

ಇದನ್ನು ಓದಿದಾಗ ನನಗೆ ನೆನಪಾದುದು ಎಂ.ಎ. ತರಗತಿಯಲ್ಲಿ ಕಲಿತ ಗ್ರಂಥಸಂಪಾದನೆಯ ಪಾಠ. ಓಲೆಗರಿಯಿಂದ ಓಲೆಗರಿಗೆ ಕಾವ್ಯವನ್ನು ಇಳಿಸುವ ಲಿಪಿಕಾರ ಒಂದೆಡೆ ಕೈತಪ್ಪಿದರೆ, ಆ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲಿಯೂ ಆ ತಪ್ಪು ಉಳಿಯುತ್ತದೆ. ಆದರೆ ಕಂಡ ವ್ಯತ್ಯಾಸವೆಲ್ಲ ತಪ್ಪಲ್ಲ. ಅರ್ಥ ಕೆಡಿಸದ ಪಾಠಾಂತರಗಳೂ ಇರುತ್ತವೆ. ಮನುಷ್ಯರ ಜೀನುಗಳಲ್ಲಿಯೂ ಹೀಗೆಯೇ. ರೋಗಿಗಳಲ್ಲಿ ಆ ಅಕ್ಷರ ಕಂಡಿತು, ನಿಜ. ಆದರೆ ಕೊಲ್ಲುತ್ತಿರುವುದು ಅದೇ ಎನ್ನುವುದಕ್ಕೆ ಸಾಕ್ಷಿ ಯಾವುದು? ರೋಗದ ಜೊತೆಗೆ ಸುಮ್ಮನೆ ನಡೆದುಬಂದ ನಿರಪರಾಧಿಯೂ ಅದಾಗಿರಬಹುದಲ್ಲ? ತಪ್ಪಿಲ್ಲದ ಒಂದು ಪ್ರತಿಯಲ್ಲಿ ಆ ಒಂದೇ ಅಕ್ಷರವನ್ನು ಬೇಕೆಂದೇ ಕೆಡಿಸಿ, ಏನಾಗುತ್ತದೆಂದು ನೋಡಬೇಕು. ಮನುಷ್ಯರಲ್ಲಿ ಇದನ್ನು ಮಾಡುವಂತಿಲ್ಲ.

ಇಲಿ ಬಂದುದು ಇಲ್ಲಿಯೇ. ಗಾತ್ರ ಹೆಬ್ಬೆರಳಿನಷ್ಟಾದರೂ ಅದರ ಎದೆಯಲ್ಲಿಯೂ ನಾಲ್ಕು ಕೋಣೆಗಳಿವೆ. ನಮ್ಮ ಬಹುಪಾಲು ಜೀನುಗಳಿಗೆ ಅದರಲ್ಲಿ ಸರಿಜೋಡಿಗಳಿವೆ. ಸುಮಾರು ಮೂರು ವಾರಗಳ ಗರ್ಭ, ಎರಡು ವರ್ಷಗಳಷ್ಟು ಆಯುಸ್ಸು. ಮನುಷ್ಯನಲ್ಲಿ ನಲವತ್ತು ವರ್ಷ ಕಾದು ನೋಡಬೇಕಾದುದನ್ನು ಅದರಲ್ಲಿ ಕೆಲವು ತಿಂಗಳುಗಳಲ್ಲಿ ನೋಡಬಹುದು. ಭ್ರೂಣದ ಆದಿಕೋಶಗಳಲ್ಲಿ ಬೇಕಾದ ಜೀನನ್ನು ತಿದ್ದಿ, ಅದರಿಂದ ಇಲಿಯ ಸಂತತಿಯನ್ನೇ ಪಡೆಯುವ ವಿದ್ಯೆಯನ್ನು ಕಪೆಕಿ, ಇವಾನ್ಸ್, ಸ್ಮಿದೀಸ್ ಎಂಬ ವಿಜ್ಞಾನಿಗಳು 1980ರ ದಶಕದಲ್ಲಿ ಸಾಧಿಸಿದ್ದರು. 2007ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಈ ವಿದ್ಯೆಯಿಂದ ಸೈಡ್‌ಮನ್ ತಂಡದವರು ಇಲಿಯ ಹೃದಯದ ಮಯೊಸಿನ್ನಿನಲ್ಲಿ ಅದೇ 403ನೆಯ ಕೊಂಡಿಯನ್ನು ಬದಲಿಸಿ, ಫಲಿತಾಂಶವನ್ನು 1996ರಲ್ಲಿ ಪ್ರಕಟಿಸಿದರು.

ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಅಕ್ಷರವನ್ನು ಪಡೆದ ಮರಿಗಳು ಹುಟ್ಟಿದ ಏಳು ದಿನಗಳಲ್ಲಿ ಸತ್ತವು. ಒಬ್ಬರಿಂದ ಮಾತ್ರ ಪಡೆದವು ಬದುಕಿದವು. ಆದರೆ ಬೆಳೆಯುತ್ತ ಬಂದಂತೆ ಅವುಗಳ ಹೃದಯ ದಪ್ಪಗಾಯಿತು, ಎಳೆಗಳು ದಿಕ್ಕೆಟ್ಟವು, ನಡುನಡುವೆ ನಾರು ಬೆಳೆಯಿತು. ಕೋಟಿಕುಕ್ಕಿನ ಮನೆತನದ ಕಥೆಯೇ ಬೋನಿನೊಳಗೆ ಮರುಕಳಿಸಿದಂತಾಯಿತು. ಇನ್ನೊಂದು ಸಂಗತಿಯೂ ತಿಳಿಯಿತು. ಸೂಕ್ಷ್ಮದರ್ಶಕಕ್ಕೆ ಯಾವ ಕೇಡೂ ಕಾಣುವ ಮೊದಲೇ ಹೃದಯದ ಕೆಲಸ ಕೆಟ್ಟಿತ್ತು. ರೂಪಕ್ಕಿಂತ ಮುಂಚೆ ನಡೆ ತಪ್ಪಿತ್ತು. ಈ ವಾಕ್ಯದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ನೋಡಲು ಕಟ್ಟುಮಸ್ತಾಗಿದ್ದ ಒಬ್ಬ ಹುಡುಗ, ಎದೆ ಡವಗುಟ್ಟುತ್ತದೆ ಎಂದು ನನ್ನ ಮುಂದೆ ನಿಂತು ಹೇಳಿದ್ದನಲ್ಲವೆ?

ಏಳು ದಿನದ ಮರಿಗಳ ವಿಷಯವನ್ನೂ ಹಗುರವಾಗಿ ಓದಲು ನನ್ನಿಂದಾಗಲಿಲ್ಲ. ಪುಸ್ತಕ ತಿಂದ ಇಲಿಯನ್ನು ಬೋನಿನಲ್ಲಿ ಹಿಡಿಯುವುದು ಬೇರೆ. ನಮ್ಮ ರೋಗವನ್ನು ಹೊರಿಸುವುದಕ್ಕೆಂದೇ ಒಂದು ಪ್ರಾಣಿಯನ್ನು ಹುಟ್ಟಿಸುವುದು ಬೇರೆ. ಬದಲಿ ಮಾರ್ಗವಿದ್ದರೆ ಪ್ರಾಣಿಯನ್ನು ಬಿಡಬೇಕು, ಬಿಡಲಾಗದಿದ್ದರೆ ಸಂಖ್ಯೆ ಕಡಮೆಮಾಡಬೇಕು, ನೋವನ್ನು ತಗ್ಗಿಸಬೇಕು ಎಂದು ರಸೆಲ್ ಮತ್ತು ಬರ್ಚ್ ಎಂಬಿಬ್ಬರು 1959ರಲ್ಲಿಯೇ ಬರೆದರು. ನಮ್ಮ ದೇಶದಲ್ಲಿಯೂ 1960ರ ಕಾಯಿದೆ ಇಂಥ ಪ್ರಯೋಗಗಳ ಮೇಲೆ ಹತೋಟಿ ಇಟ್ಟಿದೆ. ಇಷ್ಟರಿಂದ ಮನಸ್ಸು ಹಗುರವಾಗುತ್ತದೆಂದು ನಾನು ಹೇಳಲಾರೆ.

ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ನೀವು ಬಲ್ಲಿರಿ. ಇವರು ಇಲಿ ಹಿಡಿದು ಬೆಟ್ಟ ಅಗೆದರು. ಕೆಟ್ಟ ಮಯೊಸಿನ್ ದುರ್ಬಲವಲ್ಲ, ಅತಿಯಾಗಿ ಜಗ್ಗುತ್ತದೆ ಎಂಬ ತಿಳಿವಳಿಕೆ ಬಲವಾಯಿತು. ಆ ಜಗ್ಗಾಟವನ್ನು ಸಡಿಲಿಸುವ ಔಷಧವೊಂದನ್ನು ಎಳೆಯ ಇಲಿಗಳಿಗೆ ಕೊಟ್ಟಾಗ ಹೃದಯ ದಪ್ಪವಾಗುವುದು ತಗ್ಗಿತೆಂದು 2016ರಲ್ಲಿ ವರದಿಯಾಯಿತು. ಮವಾಕಾಮ್ಟೆನ್ ಎಂಬ ಆ ಔಷಧಕ್ಕೆ, ದಪ್ಪಗಾದ ಗೋಡೆ ರಕ್ತದ ಹಾದಿಗೆ ಅಡ್ಡವಾಗಿರುವ ವಯಸ್ಕರಿಗಾಗಿ, 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಇಲಿಯಲ್ಲಿ ಫಲಿಸಿದ್ದೆಲ್ಲ ಮನುಷ್ಯನಲ್ಲಿ ಫಲಿಸುವುದಿಲ್ಲ; ಅದರ ಎದೆ ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸಲ ಮಿಡಿಯುತ್ತದೆ, ನಮ್ಮದು ಎಪ್ಪತ್ತರ ಆಸುಪಾಸು. ಆದರೆ ಇದು ಫಲಿಸಿತು. 2023ರಲ್ಲಿ ಇಲಿಯ ಹೃದಯದೊಳಗೆ ಆ ತಪ್ಪಿದ ಅಕ್ಷರವನ್ನೇ ತಿದ್ದಿದ ವರದಿಗಳೂ ಬಂದುವು.

ಹಿಂದಿನ ವರ್ಷ ಆ ಹುಡುಗನ ತಂಗಿ ನನ್ನನ್ನು ಹುಡುಕಿಕೊಂಡು ಬಂದಳು. ಅಣ್ಣ ತೀರಿಕೊಂಡಾಗ ಎಂಟು ವರ್ಷದವಳು. ಈಗ ಇಬ್ಬರು ಮಕ್ಕಳ ತಾಯಿ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಂದು ಬೆಂಗಳೂರಿನಲ್ಲಿ ತೋರಿಸಿದಾಗ, ಹೃದಯದ ಗೋಡೆ ದಪ್ಪವಾಗಿದೆಯೆಂದು ತಿಳಿದು, ಜೀನನ್ನೂ ಪರೀಕ್ಷಿಸಿದ್ದರಂತೆ. ಒಂದು ಅಕ್ಷರ ತಪ್ಪಿತ್ತು. ಮಗಳಿಗೆ ಅದು ಬಂದಿಲ್ಲ, ಮಗನಿಗೆ ಬಂದಿದೆ. "ಶಾಪವಲ್ಲವಂತೆ ಸಾರ್" ಎಂದು ಹೇಳಿ ಅವಳು ಅತ್ತಳು. ಅಣ್ಣ ನನಗೆ ಹೇಳಿದ್ದ ಮಾತನ್ನೂ, ನಾನು ಕೊಟ್ಟ ಉತ್ತರವನ್ನೂ ಅಂದು ಅವಳಿಗೆ ತಿಳಿಸಿದೆ. ಅವಳು ಏನೂ ಅನ್ನಲಿಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು.

ಮಗನೂ ಜೊತೆಗೆ ಬಂದಿದ್ದ; ಒಂಬತ್ತನೆಯ ತರಗತಿ. ವೈದ್ಯರ ಮಾತಿನಂತೆ ಓಟದ ಪಂದ್ಯಗಳನ್ನು ಬಿಟ್ಟಿದ್ದಾನೆ. ಶಾಲೆಯ ಕ್ರಿಕೆಟ್ ತಂಡಕ್ಕೆ ಲೆಕ್ಕ ಬರೆಯುವವನು ಈಗ ಅವನೇ. ಇಲಿಗಳ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, "ಅವನ್ನೂ ಓಡಿಸಿದರೇ ತಾತ?" ಎಂದ.

"ಓಡುವ ಶಕ್ತಿ ಎಷ್ಟಿದೆಯೆಂದು ನೋಡಿದರು" ಎಂದೆ. "ಸುಮ್ಮನೆ ಬಿಟ್ಟ ಇಲಿಗಳು ಒಂದು ವರ್ಷ ಬದುಕಿದ್ದವು."

"ಇಲಿಗೆ ಒಂದು ವರ್ಷವೆಂದರೆ ನಮಗೆ ಎಷ್ಟು?" ಎಂದು ಕೇಳಿದ ಹುಡುಗ, ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ತಾನೇ ಗುಣಿಸತೊಡಗಿದ.